ಚಿತ್ರ, ವಸ್ತು, ನುಡಿ : ಶಿಶುವಿನ ಗೃಹಶಿಕ್ಷಣದ ಒಂದು ಕ್ರಮ

೧. ವಿಷಯ ನಿರೂಪಣೆ

ಅಕ್ಷರವನ್ನು ಇನ್ನೂ ಅರಿಯದ ಮಗುವಿಗೆ ಮನೆಯಲ್ಲಿ ಏನನ್ನು ಕಲಿಸಬೇಕು, ಹೇಗೆ ಕಲಿಸಬೇಕು ಎಂಬ ಪ್ರಶ್ನೆ ಶಿಕ್ಷಣಶಾಸ್ತ್ರದಲ್ಲಿ ಬಹು ಹಳೆಯದು. ಇದಕ್ಕೆ ದೊರೆತಿರುವ ಉತ್ತರಗಳಲ್ಲಿ ಎರಡು ಮುಖ್ಯವಾದುವು. ಮಗುವಿನ ಕೈಗೆ ಚಿತ್ರಪುಸ್ತಕವನ್ನು ಕೊಡಬೇಕೆಂಬುದು ಒಂದು. ಮಗುವನ್ನು ಹೊರಕ್ಕೆ ಕರೆದೊಯ್ದು ಗಿಡಮರಗಳನ್ನೂ ಹುಳುಹಕ್ಕಿಗಳನ್ನೂ ಕಣ್ಣಾರೆ ಕಾಣಿಸಬೇಕೆಂಬುದು ಇನ್ನೊಂದು. ಮೊದಲನೆಯದು ಪುಸ್ತಕದ ಮಾರ್ಗ, ಎರಡನೆಯದು ಪ್ರಕೃತಿಯ ಮಾರ್ಗ. ಒಂದನ್ನು ಹಿಡಿದವನು ಇನ್ನೊಂದನ್ನು ಬಿಡಬೇಕು ಎಂದು ಭಾವಿಸುವವರುಂಟು. ರೂಸೋ ೧೭೬೨ರಲ್ಲಿ ಪ್ರಕಟಿಸಿದ ‘ಎಮಿಲ್’ ಗ್ರಂಥದಲ್ಲಿ ಬಾಲಕನನ್ನು ಬಹುಕಾಲ ಪುಸ್ತಕಗಳಿಂದ ದೂರವಿರಿಸಿ, ಕಡೆಗೆ ಒಪ್ಪಿದ್ದು ‘ರಾಬಿನ್‌ಸನ್ ಕ್ರೂಸೋ’ ಒಂದನ್ನು ಮಾತ್ರ ಎಂಬ ಸಂಗತಿ ಈ ಭಾವನೆಗೆ ಬಲ ಕೊಟ್ಟಿದೆ.

ಈ ಎರಡು ಮಾರ್ಗಗಳು ವಿರುದ್ಧವಾದುವಲ್ಲ; ಒಂದೇ ಪಯಣದ ಹೋಗು ಬರವುಗಳು ಎಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಚಿತ್ರವು ಮಗುವನ್ನು ವಸ್ತುವಿನ ಬಳಿಗೆ ಕಳುಹಿಸಬೇಕು. ವಸ್ತುವನ್ನು ಕಂಡು ಬಂದ ಮಗು ಅದನ್ನು ತನ್ನ ನುಡಿಯಲ್ಲಿಯೂ ತನ್ನ ಗೆರೆಯಲ್ಲಿಯೂ ಮರಳಿ ಕೊಡಬೇಕು. ಈ ವರ್ತುಲ ಪೂರ್ಣವಾದಲ್ಲಿ ಶಿಕ್ಷಣ ನಡೆಯಿತು. ನಡುವೆ ತುಂಡಾದರೆ ಚಿತ್ರಪುಸ್ತಕವು ಬರಿಯ ಆಟಿಕೆಯಾಗುತ್ತದೆ, ಪ್ರಕೃತಿಪಾಠವು ಬರಿಯ ಅಡ್ಡಾಟವಾಗುತ್ತದೆ. ಇದನ್ನು ವಿವರಿಸಲು ಇಂಗ್ಲೆಂಡಿನ ವಾಯವ್ಯ ಭಾಗದ ಸರೋವರ ಪ್ರಾಂತದಲ್ಲಿರುವ ಆಂಬಲ್‌ಸೈಡ್ ಎಂಬ ಸಣ್ಣ ಊರನ್ನು ಉದಾಹರಣೆಯಾಗಿ ಎತ್ತಿಕೊಂಡಿದೆ. ಆ ಊರಿನಲ್ಲಿ ೧೯೧೨ರಲ್ಲಿ ತೆರೆದ ಆರ್ಮಿಟ್ ಎಂಬ ಗ್ರಂಥಾಲಯವಿದೆ. ಗೃಹಶಿಕ್ಷಣದ ಕ್ರಮವೊಂದನ್ನು ರೂಪಿಸಿದ ಷಾರ್ಲಟ್ ಮೇಸನ್ನರ ಕಾಗದಪತ್ರಗಳೂ, ಮಕ್ಕಳ ಚಿತ್ರಪುಸ್ತಕಗಳಿಂದ ಲೋಕಪ್ರಸಿದ್ಧರಾದ ಬಿಯಾಟ್ರಿಕ್ಸ್ ಪಾಟರರು ಬರೆದ ಅಣಬೆಗಳ ವರ್ಣಚಿತ್ರಗಳೂ ಅಲ್ಲಿ ಒಂದೇ ಸೂರಿನಡಿ ಸೇರಿವೆ. ಒಬ್ಬರು ಕ್ರಮವನ್ನು ಕೊಟ್ಟವರು. ಇನ್ನೊಬ್ಬರು ಮನೆಯಲ್ಲಿಯೇ ಕಲಿತು ಬೆಳೆದವರು. ಇವರನ್ನು ಜೊತೆಗಿಟ್ಟು ನೋಡಿದರೆ ಗೃಹಶಿಕ್ಷಣದ ಶಕ್ತಿಯೂ ಮಿತಿಯೂ ಒಟ್ಟಿಗೆ ತಿಳಿದುಬರುತ್ತವೆ.

೨. ಪೂರ್ವಪೀಠಿಕೆ : ಕೊಮೇನಿಯಸ್

ಮಕ್ಕಳ ಚಿತ್ರಪುಸ್ತಕದ ಇತಿಹಾಸವನ್ನು ೧೬೫೮ರಲ್ಲಿ ನ್ಯೂರೆಂಬರ್ಗ್ ನಗರದಲ್ಲಿ ಅಚ್ಚಾದ ‘ಆರ್ಬಿಸ್ ಸೆನ್ಸುಆಲಿಯಂ ಪಿಕ್ಟಸ್’ ಎಂಬ ಗ್ರಂಥದಿಂದ ಆರಂಭಿಸುವುದು ವಾಡಿಕೆ. ಇಂದ್ರಿಯಗೋಚರವಾದ ಜಗತ್ತನ್ನು ಚಿತ್ರದಲ್ಲಿ ತೋರಿಸಿದುದು ಎಂದು ಆ ಹೆಸರಿನ ತಾತ್ಪರ್ಯ. ಗ್ರಂಥಕರ್ತನಾದ ಕೊಮೇನಿಯಸನು (೧೫೯೨-೧೬೭೦) ಮೊರೇವಿಯಾ ದೇಶದವನು. ಮೂವತ್ತು ವರ್ಷಗಳ ಯುದ್ಧದಲ್ಲಿ ತಾಯ್ನಾಡನ್ನು ಕಳೆದುಕೊಂಡು, ಪೋಲೆಂಡ್, ಇಂಗ್ಲೆಂಡ್, ಸ್ವೀಡನ್, ಹಂಗೆರಿಗಳಲ್ಲಿ ಅಲೆದು, ಕಡೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಕಾಲವಾದವನು. ಈ ಗ್ರಂಥದಲ್ಲಿ ೧೫೦ ಅಧ್ಯಾಯಗಳಿವೆ. ಪ್ರತಿಯೊಂದು ವಿಷಯಕ್ಕೂ ಮರದಚ್ಚಿನ ಒಂದು ಚಿತ್ರ. ಅದರ ಕೆಳಗೆ ಲ್ಯಾಟಿನ್ ಮತ್ತು ಜರ್ಮನ್ ಭಾಷೆಗಳಲ್ಲಿ ಸಣ್ಣ ಸಣ್ಣ ವಾಕ್ಯಗಳು. ಚಿತ್ರದ ಒಂದೊಂದು ಭಾಗಕ್ಕೂ ಒಂದೊಂದು ಅಂಕೆಯನ್ನು ಹಾಕಿ, ಅದೇ ಅಂಕೆಯನ್ನು ಸಂಬಂಧಪಟ್ಟ ಪದದ ಪಕ್ಕದಲ್ಲಿಯೂ ಮುದ್ರಿಸಿದೆ. ಕಣ್ಣು ಚಿತ್ರದಿಂದ ಪದಕ್ಕೆ, ಪದದಿಂದ ಚಿತ್ರಕ್ಕೆ ಓಡಾಡುವಂತೆ ಮಾಡುವುದೇ ಇದರ ಗುಟ್ಟು. ಗ್ರಂಥದ ಮೊದಲಲ್ಲಿರುವ ವರ್ಣಮಾಲೆಯಂತೂ ಕಾಗೆ, ಕುರಿಮರಿ ಮೊದಲಾದ ಜೀವಿಗಳ ಕೂಗಿನ ಮೂಲಕ ಅಕ್ಷರಗಳ ಧ್ವನಿಯನ್ನು ಕಲಿಸುತ್ತದೆ. ಮಗು ಅಂಗಳದಲ್ಲಿ ಕೇಳಿದ ದನಿಯೇ ಅಕ್ಷರದ ದನಿಯಾಗುತ್ತದೆ.

ಇಷ್ಟು ಸಾಮಾನ್ಯವಾಗಿ ಎಲ್ಲರೂ ಹೇಳುವ ಮಾತು. ಅಷ್ಟಾಗಿ ಗಮನಿಸದ ಸಂಗತಿಯೊಂದಿದೆ. ಈ ಚಿತ್ರಗ್ರಂಥಕ್ಕೆ ೨೫ ವರ್ಷಗಳ ಹಿಂದೆ, ೧೬೩೩ರಲ್ಲಿ, ಅದೇ ಲೇಖಕನು ತಾಯಂದಿರಿಗಾಗಿ ಇನ್ನೊಂದು ಪುಸ್ತಕವನ್ನು ಹೊರತಂದಿದ್ದನು. ಜನನದಿಂದ ಆರು ವರ್ಷದವರೆಗಿನ ಕಾಲವನ್ನು ಅವನು ಅದರಲ್ಲಿ ‘ಮಾತೃಶಾಲೆ’ ಎಂದು ಕರೆದನು. ನೀರು, ಮಣ್ಣು, ಬೆಂಕಿ, ಮಳೆ, ಕಲ್ಲು, ಮರ ಇವುಗಳ ಪರಿಚಯವೇ ಆ ಶಾಲೆಯ ಪಾಠ. ತಾಯಿಯ ಮಡಿಲು, ಮನೆಯ ಅಂಗಳಗಳೇ ಆ ಶಾಲೆಯ ಕಟ್ಟಡ. ಎರಡು ಪುಸ್ತಕಗಳನ್ನೂ ಕೂಡಿಸಿ ಓದಿದರೆ ಕೊಮೇನಿಯಸನ ಅಭಿಪ್ರಾಯ ಸ್ಪಷ್ಟವಾಗುತ್ತದೆ. ವಸ್ತುವಿಗೆ ಮೊದಲ ಸ್ಥಾನ. ಚಿತ್ರವು ವಸ್ತುವಿನ ಪ್ರತಿನಿಧಿ. ಯಜಮಾನನೇ ಮನೆಯಲ್ಲಿರುವಾಗ ಪ್ರತಿನಿಧಿಯೊಡನೆ ವ್ಯವಹರಿಸುವುದು ಯುಕ್ತವಲ್ಲವಷ್ಟೆ. ಆದರೆ ಚಿತ್ರವನ್ನು ಅಚ್ಚುಹಾಕುವುದು ಸುಲಭ, ಮಾರುವುದು ಸುಲಭ, ತರಗತಿಗೆ ಒಯ್ಯುವುದು ಸುಲಭ. ಆದ್ದರಿಂದ ಮುಂದಿನ ಕಾಲದಲ್ಲಿ ಪ್ರತಿನಿಧಿಗೆ ಮೂಲವಸ್ತುವಿಗಿಂತಲೂ ಹೆಚ್ಚಿನ ಮನ್ನಣೆ ದೊರೆಯಿತು.

೩. ಆಂಬಲ್‌ಸೈಡಿನ ಕ್ರಮ

ಷಾರ್ಲಟ್ ಮೇಸನ್ನರು ೧೮೪೨ರಲ್ಲಿ ಜನಿಸಿದರು. ಹದಿಹರೆಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಶಿಕ್ಷಕಿಯಾಗಿ ಜೀವನವನ್ನು ಸಾಗಿಸಿದವರು. ಬ್ರಾಡ್‌ಫರ್ಡ್ ನಗರದಲ್ಲಿ ತಾಯಂದಿರಿಗಾಗಿ ಕೊಟ್ಟ ಉಪನ್ಯಾಸಗಳನ್ನು ಅವರು ೧೮೮೬ರಲ್ಲಿ ‘ಹೋಮ್ ಎಜುಕೇಶನ್’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಮರುವರ್ಷ ಅದೇ ನಗರದಲ್ಲಿ ಪೋಷಕರ ಶಿಕ್ಷಣಸಂಘವೊಂದು ಹುಟ್ಟಿತು. ೧೮೯೦ರಲ್ಲಿ ಅದರ ಪತ್ರಿಕೆ ಹೊರಟಿತು. ೧೮೯೨ರ ಜನವರಿಯಲ್ಲಿ ಮೇಸನ್ನರು ಆಂಬಲ್‌ಸೈಡಿನಲ್ಲಿ, ಮನೆಗಳಲ್ಲಿ ಪಾಠ ಹೇಳುವ ಸ್ತ್ರೀಯರಿಗಾಗಿ ಒಂದು ತರಬೇತಿ ವಿದ್ಯಾಲಯವನ್ನು ತೆರೆದರು. ೧೯೨೩ರಲ್ಲಿ ತೀರಿಕೊಳ್ಳುವವರೆಗೆ ಅವರು ಅಲ್ಲಿಯೇ ನೆಲೆಸಿದ್ದರು.

ಅವರ ಕ್ರಮದ ಮೊದಲ ಅಂಶವು ಒಂದು ನಿಷೇಧ. ಆರು ವರ್ಷ ತುಂಬುವ ಮುನ್ನ ಮಗುವಿಗೆ ವಿಧಿವತ್ತಾದ ಪಾಠ ಕೂಡದು. ಆ ಕಾಲವೆಲ್ಲ ಬಯಲಿಗೆ ಮೀಸಲು. ಏಪ್ರಿಲಿನಿಂದ ಅಕ್ಟೋಬರಿನವರೆಗೆ, ಹವೆ ಸಹ್ಯವಾಗಿರುವ ದಿನಗಳಲ್ಲಿ, ಮಗು ನಿತ್ಯವೂ ನಾಲ್ಕರಿಂದ ಆರು ಗಂಟೆಗಳ ಕಾಲ ಹೊರಗಿರಬೇಕೆಂದು ಅವರು ವಿಧಿಸಿದರು. ಹೊರಗೆ ಹೋದ ತಾಯಿ ಸದಾ ಮಾತನಾಡುತ್ತಿರಬಾರದು. ಮಗುವಿಗೂ ವಸ್ತುವಿಗೂ ನಡುವೆ ನಿಲ್ಲಬಾರದು. ಆದರೆ ದಿನಕ್ಕೆ ಒಂದೆರಡು ಬಾರಿ ಒಂದು ಕೆಲಸವನ್ನು ಕೊಡಬೇಕು. ‘ಅಗೋ ಆ ದಿಬ್ಬದವರೆಗೆ ಓಡಿಹೋಗಿ ನೋಡಿ ಬಾ, ಏನೇನು ಕಂಡೆಯೆಂದು ನನಗೆ ಹೇಳು’ ಎಂದು ಮಗುವನ್ನು ಕಳುಹಿಸಬೇಕು. ಮರಳಿ ಬಂದ ಮಗು ಬೇಲಿಯ ಬಣ್ಣ, ಹಳ್ಳದ ತಿರುವು, ದನಗಳ ಸಂಖ್ಯೆ ಇವುಗಳನ್ನು ಹೇಳುತ್ತದೆ. ಹೇಳುವಾಗ ಸಂದೇಹ ಹುಟ್ಟುತ್ತದೆ. ಸಂದೇಹ ಹುಟ್ಟಿದಾಗ ಇನ್ನೊಮ್ಮೆ ಓಡಿಹೋಗುತ್ತದೆ. ಮೊದಲ ಓಟಕ್ಕಿಂತ ಈ ಎರಡನೆಯ ಓಟವೇ ಹೆಚ್ಚು ಬೆಲೆಯುಳ್ಳದ್ದು. ಏಕೆಂದರೆ ಅದನ್ನು ತಾಯಿ ಆಜ್ಞಾಪಿಸಲಿಲ್ಲ, ಮಗುವಿನ ಸ್ವಂತ ಮಾತೇ ಅದನ್ನು ಕಳುಹಿಸಿತು.

ಎರಡನೆಯ ಅಂಶವು ದೀರ್ಘಕಾಲದ ಪರಿಚಯ. ಎಲೆಯುದುರಿದ ಚಳಿಗಾಲದಲ್ಲಿ ಐದಾರು ಮರಗಳನ್ನು ಮಗು ಆರಿಸಿಕೊಂಡು, ವರ್ಷ ಪೂರ್ತಿ ಅವನ್ನೇ ನೋಡುತ್ತಿರಬೇಕು. ಮೊದಲ ಚಿಗುರು, ಮೊದಲ ಹೂ, ಮೊದಲ ಗೊದಮೊಟ್ಟೆ ಕಂಡ ದಿನಗಳನ್ನು ಮನೆಯ ಪಂಚಾಂಗದಲ್ಲಿ ಗುರುತಿಸಬೇಕು. ಕಂಡುದನ್ನು ಕುಂಚದಿಂದ ಬರೆಯಲು ಒಂದು ಪ್ರಕೃತಿ ದಿನಚರಿ ಇರಬೇಕು. ಮಗುವಿಗೆ ಬರೆಯಲು ಬಾರದಿದ್ದಲ್ಲಿ ಅದು ಹೇಳಿದ ಮಾತನ್ನು ತಾಯಿ ಹಾಗೆಯೇ ಬರೆದುಕೊಳ್ಳಬೇಕು. ಆ ಪುಸ್ತಕ ಮಗುವಿನದು. ಅದರ ತಪ್ಪುಗಳನ್ನು ಕೆಂಪು ಶಾಯಿಯಿಂದ ತಿದ್ದುವ ಹಕ್ಕು ಯಾರಿಗೂ ಇಲ್ಲ.

ಮನೆಯಲ್ಲಿ ಪಾಠ ಮಾಡುವವರಿಗೆ ಮಾರ್ಗದರ್ಶನ ಬೇಕಷ್ಟೆ. ಅದಕ್ಕಾಗಿ ಮೇಸನ್ನರು ೧೮೯೧ರಲ್ಲಿ ಅಂಚೆಯ ಮೂಲಕ ನಡೆಯುವ ಶಾಲೆಯೊಂದನ್ನು ಏರ್ಪಡಿಸಿದರು. ಪ್ರತಿ ಅವಧಿಗೂ ಪಾಠಪಟ್ಟಿ, ಪುಸ್ತಕಗಳ ಹೆಸರು, ಅವಧಿಯ ಕೊನೆಗೆ ಪ್ರಶ್ನಪತ್ರಿಕೆ ಇವು ಆಂಬಲ್‌ಸೈಡಿನಿಂದ ಮನೆಮನೆಗೆ ಹೋಗುತ್ತಿದ್ದುವು. ಮಕ್ಕಳ ಉತ್ತರಗಳು ಹಿಂದಿರುಗುತ್ತಿದ್ದುವು. ಆರು ವರ್ಷ ದಾಟಿದ ಮಕ್ಕಳಿಗೂ ಒಂದು ಪಾಠ ಹೆಚ್ಚೆಂದರೆ ಇಪ್ಪತ್ತು ನಿಮಿಷ. ಗಮನವು ಆಯಾಸಗೊಳ್ಳುವ ಮುನ್ನವೇ ಪಾಠ ಮುಗಿಯತಕ್ಕದ್ದು ಎಂಬುದು ಇದರ ಹಿಂದಿದ್ದ ತತ್ತ್ವ.

೪. ಚಿತ್ರವನ್ನು ನೋಡುವ ಬಗೆ

ಇದೇ ಕ್ರಮದಲ್ಲಿ ಚಿತ್ರಕ್ಕೆ ಯಾವ ಸ್ಥಾನವಿತ್ತೆಂಬುದನ್ನು ಈಗ ನೋಡೋಣ. ಒಂದು ಅವಧಿಗೆ ಒಬ್ಬನೇ ಚಿತ್ರಕಾರನ ಆರು ಕೃತಿಗಳ ಪ್ರತಿಗಳನ್ನು ಮಕ್ಕಳಿಗೆ ಕೊಡುತ್ತಿದ್ದರು. ಚಿತ್ರವನ್ನು ಮಗು ಮೌನವಾಗಿ ನೋಡಬೇಕು. ಕಣ್ಣು ಮುಚ್ಚಿದರೂ ಕಾಣುವಂತಾದ ಮೇಲೆ ಚಿತ್ರವನ್ನು ಮಗುಚಿಡಬೇಕು. ಆಮೇಲೆ ಅದರಲ್ಲಿದ್ದುದನ್ನು ಬಾಯಿಂದ ವರ್ಣಿಸಬೇಕು. ಚಿತ್ರಕಾರನ ಶೈಲಿ, ವರ್ಣಸಂಯೋಜನೆ ಮೊದಲಾದ ವಿದ್ವತ್ತಿನ ಮಾತುಗಳನ್ನು ಹಿರಿಯರು ಆಡಕೂಡದು.

ಸೂಕ್ಷ್ಮವಾಗಿ ಪರಿಶೀಲಿಸಿದರೆ ಚಿತ್ರಪಾಠವೂ ದಿಬ್ಬದವರೆಗಿನ ಓಟವೂ ಒಂದೇ ಎಂಬುದು ವ್ಯಕ್ತವಾಗುತ್ತದೆ. ಎರಡರಲ್ಲಿಯೂ ಮೂರು ಹೆಜ್ಜೆಗಳಿವೆ: ನೋಡುವುದು, ನೋಟದಿಂದ ಅಗಲುವುದು, ಅಗಲಿದುದನ್ನು ನುಡಿಯಲ್ಲಿ ಮರಳಿ ಕಟ್ಟುವುದು. ನಡುವಣ ಹೆಜ್ಜೆಯನ್ನು ನಾವು ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ. ಚಿತ್ರವನ್ನು ಮಗುವಿನ ಮುಂದೆ ಹಿಡಿದುಕೊಂಡೇ ‘ಇದೇನು? ಇದೇನು?’ ಎಂದು ಕೇಳುತ್ತೇವೆ. ಮಗು ಬೆರಳಿಟ್ಟು ಹೆಸರು ಹೇಳುತ್ತದೆ. ಇದರಿಂದ ಪದಸಂಪತ್ತು ಬೆಳೆಯುವುದು ನಿಜ. ಆದರೆ ವಸ್ತುವು ಕಣ್ಮರೆಯಾದ ಮೇಲೆ ಮನಸ್ಸಿನಲ್ಲಿ ಉಳಿಯುವುದು ಯಾವುದು ಎಂಬುದನ್ನು ಮಗು ಪರೀಕ್ಷಿಸಿಕೊಳ್ಳುವ ಅವಕಾಶ ಅಲ್ಲಿ ದೊರೆಯುವುದಿಲ್ಲ.

೫. ಮನೆಯಲ್ಲಿ ಬೆಳೆದ ಕಣ್ಣು : ಬಿಯಾಟ್ರಿಕ್ಸ್ ಪಾಟರ್

ಬಿಯಾಟ್ರಿಕ್ಸ್ ಪಾಟರರು (೧೮೬೬-೧೯೪೩) ಮೇಸನ್ನರ ಶಿಷ್ಯೆಯಲ್ಲ. ಲಂಡನ್ನಿನ ಸಿರಿವಂತ ಮನೆಯೊಂದರಲ್ಲಿ ಹುಟ್ಟಿ, ಶಾಲೆಯ ಮುಖವನ್ನೇ ಕಾಣದೆ, ಮನೆಪಾಠದ ಶಿಕ್ಷಕಿಯರಿಂದ ಕಲಿತವರು. ತಮ್ಮನಾದ ಬರ್ಟ್ರಮನನ್ನು ವಸತಿಶಾಲೆಗೆ ಕಳುಹಿಸಿದರು. ಅಕ್ಕ ಮನೆಯಲ್ಲಿಯೇ ಉಳಿದಳು. ಮಕ್ಕಳ ಕೊಠಡಿಯಲ್ಲಿ ಮೊಲ, ಇಲಿ, ಕಪ್ಪೆ, ಮುಳ್ಳುಹಂದಿಯನ್ನು ಹೋಲುವ ಹೆಡ್ಜ್‌ಹಾಗ್, ಬಾವಲಿ ಇವೆಲ್ಲ ಇದ್ದುವು. ಅಕ್ಕತಮ್ಮಂದಿರು ಅವುಗಳನ್ನು ಸಾಕಿದರು, ಅಳೆದರು, ಚಿತ್ರ ಬರೆದರು. ಸತ್ತ ಪ್ರಾಣಿಗಳ ಎಲುಬುಗಳನ್ನು ಬೇರ್ಪಡಿಸಿ ಅವುಗಳ ರಚನೆಯನ್ನೂ ತಿಳಿದರು. ಬೇಸಿಗೆಯ ರಜದಲ್ಲಿ ಸ್ಕಾಟ್ಲೆಂಡ್, ಸರೋವರ ಪ್ರಾಂತಗಳ ಕಾಡು ಹೊಲಗಳು ಅವರ ಪಾಲಿಗೆ ದೊರೆಯುತ್ತಿದ್ದುವು.

೧೮೯೩ರ ಸೆಪ್ಟೆಂಬರ್ ೪ರಂದು, ತಮ್ಮ ಹಿಂದಿನ ಶಿಕ್ಷಕಿಯ ಮಗನಾದ ಐದು ವರ್ಷದ ನೋಯಲ್ ಕಾಯಿಲೆ ಮಲಗಿರುವುದನ್ನು ಕೇಳಿ, ಪಾಟರರು ಸ್ಕಾಟ್ಲೆಂಡಿನಿಂದ ಅವನಿಗೊಂದು ಚಿತ್ರಪತ್ರವನ್ನು ಬರೆದರು. ನಾಲ್ಕು ಮೊಲದ ಮರಿಗಳ ಕಥೆ ಅದು. ಕೆಲವು ವರ್ಷಗಳ ಅನಂತರ ಆ ಪತ್ರವನ್ನು ಎರವಲಾಗಿ ಮರಳಿ ಪಡೆದು, ಬೆಳೆಯಿಸಿ, ಪ್ರಕಾಶಕರಿಗೆ ಕಳುಹಿಸಿದರು. ಯಾರೂ ಒಪ್ಪದಿರಲು ೧೯೦೧ರ ಡಿಸೆಂಬರಿನಲ್ಲಿ ಸ್ವಂತ ಖರ್ಚಿನಿಂದ ೨೫೦ ಪ್ರತಿಗಳನ್ನು ಅಚ್ಚುಹಾಕಿಸಿದರು. ೧೯೦೨ರ ಅಕ್ಟೋಬರಿನಲ್ಲಿ ಫ್ರೆಡರಿಕ್ ವಾರ್ನ್ ಸಂಸ್ಥೆಯು ಅದನ್ನು ವರ್ಣಚಿತ್ರಗಳೊಡನೆ ಪ್ರಕಟಿಸಿತು. ‘ಪೀಟರ್ ರ್‍ಯಾಬಿಟ್’ ಎಂಬ ಆ ಪುಸ್ತಕ ಎಳೆಯ ಕೈಗಳಿಗೆ ಒಪ್ಪುವಷ್ಟು ಚಿಕ್ಕದಾಗಿರಬೇಕೆಂಬುದು ಕರ್ತೃವಿನ ಹಟವಾಗಿತ್ತು.

ಆ ಮೊಲಕ್ಕೆ ನೀಲಿ ಅಂಗಿಯುಂಟು, ಪಾದರಕ್ಷೆಯುಂಟು. ಆದರೆ ಅಂಗಿಯನ್ನು ಕಳಚಿದೊಡನೆ ಅದು ಅಪ್ಪಟ ಮೊಲ. ಕಿವಿಯ ತಿರುವು, ಹಿಂಗಾಲಿನ ಮಡಿಕೆ, ಅಂಜಿ ಕುಳಿತಾಗಿನ ಬೆನ್ನಿನ ಗೂನು ಇವು ಕಲ್ಪಿತವಾದುವಲ್ಲ. ವರ್ಷಗಟ್ಟಲೆ ಮೊಲಗಳನ್ನು ಸಾಕಿ ನೋಡಿದ ಕಣ್ಣಿನಿಂದ ಬಂದುವು. ಅದೇ ಕಣ್ಣು ಅಣಬೆಗಳತ್ತ ತಿರುಗಿದಾಗ ವಿಜ್ಞಾನವಾಯಿತು. ಪಾಟರರು ನೂರಾರು ಅಣಬೆಗಳನ್ನು ವರ್ಣಗಳಲ್ಲಿ ಚಿತ್ರಿಸಿದರು. ಸೂಕ್ಷ್ಮದರ್ಶಕವನ್ನಿಟ್ಟುಕೊಂಡು ಅವುಗಳ ಬೀಜಾಣುಗಳನ್ನು ಮೊಳೆಯಿಸಿದರು. ಈ ವಿಷಯವಾಗಿ ಬರೆದ ಪ್ರಬಂಧವು ೧೮೯೭ರ ಏಪ್ರಿಲ್ ೧ರಂದು ಲಂಡನ್ನಿನ ಲಿನೇಯನ್ ಸಂಘದ ಮುಂದೆ ಬಂದಿತು. ಅದನ್ನು ಮಂಡಿಸಿದವರು ಜಾರ್ಜ್ ಮ್ಯಾಸೀ ಎಂಬ ವಿದ್ವಾಂಸರು. ಸ್ತ್ರೀಯರಿಗೆ ಆ ಸಭೆಯಲ್ಲಿ ಪ್ರವೇಶವಿರಲಿಲ್ಲ. ಸಂಘವು ಸ್ತ್ರೀಯರನ್ನು ಸದಸ್ಯರನ್ನಾಗಿ ಚುನಾಯಿಸಿದ್ದು ೧೯೦೪ರ ಕೊನೆಯಲ್ಲಿ. ಪ್ರಬಂಧವು ಪ್ರಕಟವಾಗಲಿಲ್ಲ, ಇಂದು ಅದರ ಪ್ರತಿಯೂ ಉಪಲಬ್ಧವಿಲ್ಲ. ಚಿತ್ರಗಳು ಮಾತ್ರ ಆಂಬಲ್‌ಸೈಡಿಗೆ ಸೇರಿದುವು. ೧೯೬೭ರಲ್ಲಿ ಅಣಬೆಗಳನ್ನು ಕುರಿತ ಕೈಪಿಡಿಯೊಂದು ಹೊರಬಂದಾಗ ಅವುಗಳಲ್ಲಿ ೫೦ಕ್ಕೂ ಹೆಚ್ಚಿನವನ್ನು ಬಳಸಿಕೊಳ್ಳಲಾಯಿತು. ಬರೆದು ಎಪ್ಪತ್ತು ವರ್ಷ ಕಳೆದಿದ್ದರೂ ಅಣಬೆಗಳನ್ನು ಗುರುತಿಸಲು ಅವು ತಕ್ಕುವಾಗಿದ್ದುವು.

೬. ಇತ್ತೀಚಿನ ಪ್ರಯೋಗಗಳು

ಮೇಸನ್ನರ ಕ್ರಮವು ಅನುಭವದ ಮೇಲೆ ನಿಂತದ್ದು, ಪ್ರಯೋಗದ ಮೇಲಲ್ಲ. ಆದ್ದರಿಂದ ಮನಶ್ಶಾಸ್ತ್ರದ ಇತ್ತೀಚಿನ ಶೋಧನೆಗಳು ಏನು ಹೇಳುತ್ತವೆಂಬುದನ್ನು ಪರಿಶೀಲಿಸುವುದು ಅವಶ್ಯಕ.

ಚಿತ್ರವೆಂದರೇನೆಂಬುದನ್ನೇ ಮಗು ಕಲಿಯಬೇಕಾಗಿದೆ ಎಂಬುದು ಮೊದಲ ಸಂಗತಿ. ಜ್ಯೂಡಿ ಡಿಲೋಚ್ ಮತ್ತು ಅವರ ಸಹೋದ್ಯೋಗಿಗಳು ೧೯೯೮ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂಬತ್ತು ತಿಂಗಳ ಶಿಶುಗಳು ಪುಸ್ತಕದಲ್ಲಿನ ವಸ್ತುಚಿತ್ರವನ್ನು ನಿಜವಾದ ವಸ್ತುವೆಂಬಂತೆ ಕೈಯಿಂದ ಹಿಡಿಯಲು, ಹೆರೆಯಲು ತೊಡಗಿದುವು. ಅಮೆರಿಕದ ಶಿಶುಗಳು ಮಾತ್ರವಲ್ಲ, ಪಶ್ಚಿಮ ಆಫ್ರಿಕದ ಐವರಿ ಕೋಸ್ಟಿನ ಬೆಂಗ್ ಜನಾಂಗದ ಶಿಶುಗಳೂ ಹಾಗೆಯೇ ಮಾಡಿದುವು. ಹತ್ತೊಂಬತ್ತು ತಿಂಗಳ ಹೊತ್ತಿಗೆ ಮಕ್ಕಳು ಹಿಡಿಯುವುದನ್ನು ಬಿಟ್ಟು ಬೆರಳು ತೋರಿಸತೊಡಗಿದರು. ಚಿತ್ರವು ವಸ್ತುವಲ್ಲ, ವಸ್ತುವಿನ ಸಂಕೇತ ಎಂಬ ಅರಿವು ಆ ನಡುವಿನ ಕಾಲದಲ್ಲಿ ಮೂಡುತ್ತದೆ.

ಪುಸ್ತಕದಲ್ಲಿ ಕಲಿತುದು ಹೊರಗಣ ಜಗತ್ತಿಗೆ ದಾಟುತ್ತದೆಯೇ ಎಂಬುದು ಎರಡನೆಯ ಪ್ರಶ್ನೆ. ಪೆಟ್ರೀಷಿಯಾ ಗೇನಿಯಾ ಮತ್ತು ಸಂಗಡಿಗರು ೨೦೦೮ರಲ್ಲಿ ಇದಕ್ಕೆ ಉತ್ತರವಿತ್ತರು. ಹದಿನೈದು ಹದಿನೆಂಟು ತಿಂಗಳ ಮಕ್ಕಳು ಪುಸ್ತಕದಲ್ಲಿ ಕಲಿತ ಹೊಸ ಹೆಸರನ್ನು ನಿಜವಸ್ತುವಿಗೆ ಅನ್ವಯಿಸಬಲ್ಲರು. ಚಿತ್ರವು ವಸ್ತುವನ್ನು ಹೆಚ್ಚು ಹೋಲುವಂತಿದ್ದಷ್ಟೂ ಈ ದಾಟು ಸುಲಭವಾಗುತ್ತದೆ. ಛಾಯಾಚಿತ್ರದಿಂದ ದಾಟಿದಂತೆ ವ್ಯಂಗ್ಯಚಿತ್ರದಂಥ ರೇಖೆಗಳಿಂದ ದಾಟದು. ಅದೇ ವಿದ್ವಾಂಸರು ೨೦೧೪ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನವು ಪ್ರಾಣಿಗಳಿಗೆ ಮನುಷ್ಯರ ನಡೆನುಡಿಗಳನ್ನು ಆರೋಪಿಸುವ ಪುಸ್ತಕಗಳನ್ನು ಕುರಿತದ್ದು. ಅಂಥ ಭಾಷೆಯಲ್ಲಿ ಕಥೆಯನ್ನು ಕೇಳಿದ ಎಳೆಯ ಮಕ್ಕಳು ನಿಜವಾದ ಪ್ರಾಣಿಗಳಲ್ಲಿಯೂ ಮನುಷ್ಯಗುಣಗಳನ್ನು ಕಂಡರು; ಪ್ರಾಣಿಯ ವಿಷಯವಾಗಿ ಅವರು ಕಲಿತ ಸಂಗತಿಗಳು ಕಡಿಮೆಯಾದುವು.

ಹಾಗಾದರೆ ಅಂಗಿ ತೊಟ್ಟ ಮೊಲವನ್ನು ಮಗುವಿನ ಕೈಯಿಂದ ಕಸಿದುಕೊಳ್ಳಬೇಕೇ? ಈ ಶೋಧನೆಗಳಿಂದ ಅಂಥ ತೀರ್ಮಾನ ಬಾರದು. ಕಥೆಗೆ ಬೇರೆ ಪ್ರಯೋಜನಗಳಿವೆ. ಮೊಲವನ್ನು ಪುಸ್ತಕದಲ್ಲಿ ಮಾತ್ರ ಕಂಡ ಮಗುವಿಗೆ ಅಂಗಿಯೂ ಮೊಲದ ಲಕ್ಷಣವೇ. ಹುಲ್ಲು ಮೆಲ್ಲುವ ಮೊಲವನ್ನು ಕಂಡು ಬಂದ ಮಗುವಿಗೆ ಅಂಗಿಯು ತಮಾಷೆ. ಒಂದೇ ಪುಸ್ತಕವು ಒಬ್ಬನಿಗೆ ತಪ್ಪು ತಿಳಿವಳಿಕೆಯಾಗಿ ಇನ್ನೊಬ್ಬನಿಗೆ ನಗೆಯಾಗುವುದು ಹೊರಗಣ ನೋಟದ ಬಲದಿಂದ. ಪ್ರಕೃತಿಪಾಠವು ಚಿತ್ರಪುಸ್ತಕದ ಅರ್ಥವನ್ನೇ ಬದಲಾಯಿಸುತ್ತದೆಂಬುದು ಇದರಿಂದ ಸಿದ್ಧವಾಗುತ್ತದೆ.

೭. ತಿಳಿಯದ ಶಿಕ್ಷಕಿ

ಇಲ್ಲೊಂದು ಆಕ್ಷೇಪ ಬರಬಹುದು. ಸಸ್ಯಶಾಸ್ತ್ರವನ್ನಾಗಲಿ ಪ್ರಾಣಿಶಾಸ್ತ್ರವನ್ನಾಗಲಿ ಓದದ ತಾಯಿ ಪ್ರಕೃತಿಯನ್ನು ಹೇಗೆ ಕಲಿಸಬಲ್ಲಳು? ಇದಕ್ಕೆ ಸಮರ್ಪಕವಾದ ಉತ್ತರವು ಅಮೆರಿಕದಿಂದ ಬಂದಿತು. ೧೮೯೦ರ ದಶಕದಲ್ಲಿ ನ್ಯೂಯಾರ್ಕ್ ಸಂಸ್ಥಾನದ ಬೇಸಾಯವು ಕುಸಿದು, ಹಳ್ಳಿಯ ಮಕ್ಕಳು ನಗರಗಳಿಗೆ ಹೊರಟುಹೋಗುತ್ತಿದ್ದಾಗ, ಮಕ್ಕಳಿಗೆ ತಮ್ಮ ನೆಲದಲ್ಲಿ ಆಸಕ್ತಿಯನ್ನು ಹುಟ್ಟಿಸಲೆಂದು ಕಾರ್ನೆಲ್ ವಿಶ್ವವಿದ್ಯಾನಿಲಯವು ಪ್ರಕೃತಿಪಾಠದ ಕರಪತ್ರಗಳನ್ನು ಹೊರಡಿಸಿತು. ಈ ಕೆಲಸದಲ್ಲಿ ಮುಂದಾಳಾದ ಆ್ಯನಾ ಬಾಟ್ಸ್‌ಫರ್ಡ್ ಕಾಮ್‌ಸ್ಟಾಕರು (೧೮೫೪-೧೯೩೦) ಕೀಟಗಳ ಚಿತ್ರಗಳನ್ನು ಮರದಲ್ಲಿ ಕೊರೆಯುತ್ತಿದ್ದ ಕಲಾವಿದೆ. ೧೯೧೧ರಲ್ಲಿ ಅವರು ಪ್ರಕಟಿಸಿದ ‘ಹ್ಯಾಂಡ್‌ಬುಕ್ ಆಫ್ ನೇಚರ್ ಸ್ಟಡಿ’ಯಲ್ಲಿ ೨೦೦ಕ್ಕೂ ಹೆಚ್ಚು ಪಾಠಗಳಿವೆ.

ಆ ಪಾಠಗಳಲ್ಲಿ ಮಗುವಿಗೆ ಹೇಳಬೇಕಾದ ಉತ್ತರಗಳಿಗಿಂತ ಕೇಳಬೇಕಾದ ಪ್ರಶ್ನೆಗಳೇ ಮುಖ್ಯ. ಜೇಡವು ಬಲೆಯ ನಡುವೆ ಕೂರುತ್ತದೆಯೋ ಅಂಚಿನಲ್ಲಿಯೋ? ಎಲ್ಲ ಎಳೆಗಳೂ ಅಂಟುತ್ತವೆಯೇ? ಇಂಥ ಪ್ರಶ್ನೆಗೆ ಉತ್ತರವು ಶಿಕ್ಷಕಿಯ ಬಾಯಲ್ಲಿಲ್ಲ, ಬಲೆಯಲ್ಲಿದೆ. ‘ನನಗೆ ತಿಳಿಯದು, ಬಾ ನೋಡೋಣ’ ಎಂದು ಹೇಳಲು ಶಿಕ್ಷಕಿ ಹಿಂಜರಿಯಬಾರದೆಂಬುದು ಕಾಮ್‌ಸ್ಟಾಕರ ಸಲಹೆ. ಅಜ್ಞಾನವನ್ನು ಒಪ್ಪಿಕೊಂಡ ಹಿರಿಯರು ಮಗುವಿನ ಜೊತೆಗಾರರಾಗುತ್ತಾರೆ. ಮುಚ್ಚಿಕೊಂಡವರು ಮಗುವಿನ ಪ್ರಶ್ನೆಯನ್ನೇ ಅಡಗಿಸುತ್ತಾರೆ. ಮಗುವನ್ನು ಮನೆಯಲ್ಲಿ ಕಲಿಸುವವರಿಗೆ ಇದಕ್ಕಿಂತ ಧೈರ್ಯ ಕೊಡುವ ಮಾತು ಇನ್ನೊಂದಿಲ್ಲ.

೮. ಗೃಹಶಿಕ್ಷಣದ ಮಿತಿ

ಇಷ್ಟು ಹೇಳಿದ ಮೇಲೆ ಮಿತಿಯನ್ನು ಮರೆಮಾಚುವುದು ನ್ಯಾಯವಲ್ಲ. ಪಾಟರರ ಕಣ್ಣನ್ನು ಬೆಳೆಯಿಸಿದ ಆ ಮನೆಯೇ ಅವರನ್ನು ಕಟ್ಟಿಹಾಕಿತು. ಅಣಬೆಯ ವಿಷಯವನ್ನು ಸರಿಸಮಾನರೊಡನೆ ಚರ್ಚಿಸಲು ಕಾಲೇಜಿರಲಿಲ್ಲ, ಸಹಪಾಠಿಗಳಿರಲಿಲ್ಲ, ಸಂಘದ ಬಾಗಿಲು ತೆರೆದಿರಲಿಲ್ಲ. ನೋಡುವುದನ್ನು ಮನೆ ಕಲಿಸಬಲ್ಲದು. ನೋಡಿದುದನ್ನು ನಾಲ್ಕು ಜನರ ಮುಂದಿಟ್ಟು ತಿದ್ದಿಕೊಳ್ಳುವ ಅವಕಾಶವನ್ನು ಮನೆಯೊಂದೇ ಕೊಡಲಾರದು. ಮನೆಯಲ್ಲಿ ಕಲಿಸುವುದು ಬೇರೆ, ಮನೆಯಲ್ಲಿ ಇರಿಸುವುದು ಬೇರೆ. ಹೆಣ್ಣುಮಕ್ಕಳ ವಿಷಯದಲ್ಲಿ ಈ ಭೇದವನ್ನು ಎಂದೂ ಮರೆಯತಕ್ಕದ್ದಲ್ಲ.

ಎರಡನೆಯ ಮಿತಿ ಆರ್ಥಿಕವಾದುದು. ದಿನಕ್ಕೆ ಆರು ಗಂಟೆ ಮಗುವಿನೊಡನೆ ಬಯಲಿನಲ್ಲಿರಲು ಎಷ್ಟು ತಾಯಂದಿರಿಗೆ ಬಿಡುವಿದೆ? ಮೇಸನ್ನರ ಮೊದಲ ಓದುಗರಲ್ಲಿ ಬಹುಪಾಲು ಉಳ್ಳವರು. ಮನೆಯಲ್ಲಿ ದಾದಿಯನ್ನೂ ಶಿಕ್ಷಕಿಯನ್ನೂ ಇರಿಸಿಕೊಳ್ಳಬಲ್ಲವರು. ಈ ಕ್ರಮವು ಸಿರಿವಂತರ ಮಕ್ಕಳಿಗೆ ಮಾತ್ರ ಸಲ್ಲುವುದೆಂಬ ಸಂದೇಹ ಸಹಜ. ಇದನ್ನು ಬಗೆಹರಿಸಿದ್ದು ಯಾರ್ಕ್‌ಷೈರಿನ ಡ್ರಿಗ್ಲಿಂಗ್ಟನ್ ಎಂಬ ಗಣಿಕಾರ್ಮಿಕರ ಹಳ್ಳಿ. ೧೯೧೪ರಲ್ಲಿ ಅಲ್ಲಿನ ಸಾರ್ವಜನಿಕ ಶಾಲೆಯು ಆಂಬಲ್‌ಸೈಡಿನ ಪಾಠಪಟ್ಟಿಯನ್ನು ಕೈಗೊಂಡಿತು. ಗಣಿಕಾರ್ಮಿಕರ ಮಕ್ಕಳೂ ಒಮ್ಮೆ ಕೇಳಿದ ಪಾಠವನ್ನು ತಮ್ಮ ಮಾತಿನಲ್ಲಿ ಮರಳಿ ಹೇಳಿದರು, ಚಿತ್ರಗಳನ್ನು ವರ್ಣಿಸಿದರು. ಅನಂತರ ಗ್ಲಾಸ್ಟರ್‌ಷೈರ್ ಪ್ರಾಂತದ ಅನೇಕ ಶಾಲೆಗಳು ಇದೇ ದಾರಿಯನ್ನು ಹಿಡಿದುವು. ಕ್ರಮವು ಮನೆಯಲ್ಲಿ ಹುಟ್ಟಿದ್ದರೂ ಮನೆಗೇ ಅಂಟಿಕೊಂಡದ್ದಲ್ಲವೆಂದು ಇದರಿಂದ ಸ್ಥಾಪಿತವಾಯಿತು.

ಮೂರನೆಯದು ಸ್ಥಳದ ಮಿತಿ. ಆಂಬಲ್‌ಸೈಡಿನ ಮಗು ಪುಸ್ತಕದಲ್ಲಿ ಕಂಡ ಮೊಲವನ್ನು ಬೇಲಿಯ ಬದಿಯಲ್ಲಿಯೇ ಕಾಣಬಹುದಾಗಿತ್ತು. ಪುಸ್ತಕವೂ ಅಂಗಳವೂ ಒಂದೇ ನೆಲದವು. ಅದೇ ಪುಸ್ತಕವು ಸಮುದ್ರ ದಾಟಿ ಬೇರೆ ನಾಡಿಗೆ ಬಂದಾಗ ಚಿತ್ರ ಉಳಿಯುತ್ತದೆ, ವಸ್ತು ಉಳಿಯುವುದಿಲ್ಲ, ವರ್ತುಲವು ತುಂಡಾಗುತ್ತದೆ.

೯. ನಮ್ಮ ಮನೆಗಳಲ್ಲಿ

ಈ ಕೊನೆಯ ಮಾತು ನಮಗೆ ನೇರವಾಗಿ ಸಂಬಂಧಿಸಿದ್ದು. ಭಾರತದಲ್ಲಿ ೨೦೧೦ರ ಏಪ್ರಿಲ್ ೧ರಿಂದ ಜಾರಿಯಲ್ಲಿರುವ ಶಿಕ್ಷಣದ ಹಕ್ಕಿನ ಕಾಯಿದೆಯು ೬ರಿಂದ ೧೪ ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಆರು ತುಂಬದ ಮಕ್ಕಳ ಆರೈಕೆ ಮತ್ತು ಶಿಕ್ಷಣಕ್ಕೆ ರಾಜ್ಯವು ಪ್ರಯತ್ನಿಸಬೇಕೆಂದು ಸಂವಿಧಾನದ ೪೫ನೆಯ ಅನುಚ್ಛೇದವು ಹೇಳುತ್ತದೆ. ಅಂಗನವಾಡಿಗೆ ಹೋಗುವ ಮಗುವೂ ದಿನದ ಬಹುಭಾಗವನ್ನು ಕಳೆಯುವುದು ಮನೆಯಲ್ಲಿಯೇ. ಆದುದರಿಂದ ಈ ವಯಸ್ಸಿನ ಗೃಹಶಿಕ್ಷಣವು ಕೆಲವರ ವಿಶೇಷ ಪ್ರಯೋಗವಲ್ಲ. ತಿಳಿದೋ ತಿಳಿಯದೆಯೋ ಪ್ರತಿಯೊಂದು ಮನೆಯಲ್ಲಿಯೂ ನಡೆಯುತ್ತಿರುವ ಕಾರ್ಯ.

ಕನ್ನಡದಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಇಲ್ಲದೆ ಇಲ್ಲ. ಶಿವರಾಮ ಕಾರಂತರು ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಮಕ್ಕಳಿಗಾಗಿಯೇ ರಚಿಸಿದರು. ೨೦೦೪ರಲ್ಲಿ ಬೆಂಗಳೂರಿನಲ್ಲಿ ಆ

ರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆಯು ಕಡಿಮೆ ಬೆಲೆಯ ಚಿತ್ರಪುಸ್ತಕಗಳನ್ನು ಕನ್ನಡದಲ್ಲಿಯೂ ಹೊರತಂದಿದೆ. ಇದಕ್ಕಿಂತಲೂ ಹಿರಿದಾದ ಸಾಮಗ್ರಿ ನಮ್ಮ ನುಡಿಯಲ್ಲಿದೆ. ಮೇಸನ್ನರು ಮಕ್ಕಳಿಂದ ಮಾಡಿಸಲೆಳಸಿದ ಪಂಚಾಂಗವನ್ನು ನಮ್ಮ ರೈತರು ಬಾಯಲ್ಲಿಯೇ ಇರಿಸಿಕೊಂಡಿದ್ದಾರೆ. ರೋಹಿಣಿ, ಮೃಗಶಿರ, ಆರಿದ್ರ ಎಂದು ಮಳೆಗಳನ್ನು ಹೆಸರಿಟ್ಟು ಕರೆಯುವ ಮನೆಯಲ್ಲಿ, ಯಾವ ಮಳೆಗೆ ಕಪ್ಪೆ ಕೂಗಿತು, ಯಾವ ಮಳೆಗೆ ಅಣಬೆ ಎದ್ದಿತು ಎಂದು ಮಗು ಗುರುತು ಹಾಕತೊಡಗಿದರೆ ಅದೇ ಪ್ರಕೃತಿ ದಿನಚರಿ. ಚಿಗುರುವ ಮೊದಲೇ ಹೂ ಬಿಡುವ ಮುತ್ತುಗ, ಬರಿಗೊಂಬೆಯಲ್ಲಿ ಕೆಂಪು ಹೂ ತೊಡುವ ಬೂರುಗ, ಬೇಸಿಗೆಯಲ್ಲಿ ತಳಿರಿಡುವ ಹೊಂಗೆ, ಕಾಂಡದಲ್ಲಿಯೇ ಕಾಯಿ ಕಚ್ಚುವ ಹಲಸು ಇವು ವರ್ಷ ಪೂರ್ತಿ ನೋಡತಕ್ಕ ಮರಗಳು.

ಚಿತ್ರಪುಸ್ತಕವು ‘ಹಕ್ಕಿ’ ಎಂದು ಹೇಳಿ ಸುಮ್ಮನಾಗುವ ಕಡೆ, ಅಜ್ಜಿಯು ಗೀಜಗ, ಗೊರವಂಕ, ಕೆಂಬೂತ, ಟಿಟ್ಟಿಭ ಎಂದು ಬೇರೆ ಬೇರೆಯಾಗಿ ಹೆಸರಿಸುತ್ತಾಳೆ. ಹೆಸರಿಲ್ಲದುದನ್ನು ಕಣ್ಣು ಬೇಗನೆ ಮರೆಯುತ್ತದೆ. ಆ ಹೆಸರುಗಳನ್ನು ಬಲ್ಲ ತಲೆಮಾರು ಮುಗಿಯುವ ಮುನ್ನ ಮಗು ಅವುಗಳನ್ನು ಕೇಳಬೇಕು, ಹಕ್ಕಿಯ ಎದುರಿನಲ್ಲಿಯೇ ಕೇಳಬೇಕು. ಶಿಕ್ಷಕರ ತರಬೇತಿ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಇಂಥ ಹೆಸರುಗಳನ್ನು ಕಲೆಹಾಕಿ, ಚಿತ್ರಗಳೊಡನೆ ಜೋಡಿಸಿ, ಆಯಾ ಊರಿನ ಮನೆಗಳಿಗೂ ಅಂಗನವಾಡಿಗಳಿಗೂ ಕೊಡುವ ಕೆಲಸವನ್ನು ಕೈಗೊಳ್ಳಬಹುದು. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ.

ಒಟ್ಟಿನಲ್ಲಿ ಹೇಳತಕ್ಕುದಿಷ್ಟು. ಒಂದು ಚಿತ್ರಪುಸ್ತಕ ಒಳ್ಳೆಯದೋ ಅಲ್ಲವೋ ಎಂಬುದನ್ನು ಅದರ ಕಾಗದದಿಂದಲೂ ಬಣ್ಣದಿಂದಲೂ ನಿರ್ಣಯಿಸಲಾಗದು. ಪುಸ್ತಕವನ್ನು ಮುಚ್ಚಿದ ಮಗು ಅಂಗಳಕ್ಕೆ ಹೋಗುತ್ತದೆಯೇ, ಅಂಗಳದಿಂದ ಬಂದ ಮಗು ಹೇಳಲು ಏನನ್ನಾದರೂ ತರುತ್ತದೆಯೇ, ಅದು ಹೇಳುವಾಗ ಕೇಳಲು ಮನೆಯಲ್ಲಿ ಯಾರಿಗಾದರೂ ಬಿಡುವಿದೆಯೇ ಎಂಬ ಮೂರು ಪ್ರಶ್ನೆಗಳೇ ಅದಕ್ಕೆ ಒರೆಗಲ್ಲು. ಮೂರನೆಯ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಮಕ್ಕಳಲ್ಲ, ಹಿರಿಯರು.